ಕರಡಿ ಓಡಾಡುವ ಕಡೆ ಟೆಂಟ್ ಹಾಕುವಾಗ

ಮುತ್ತತ್ತಿ, ಭೀಮೇಶ್ವರಿ ಕಡೆಯ ಕಾವೇರಿ ದಂಡೆ, ಮೇಲುಕೋಟೆಯ ಬಂಡೆಗುಡ್ಡ, ಎಚ್.ಡಿ. ಕೋಟೆಯ ಕಾಡಂಚು: ಮಂಡ್ಯ, ಮೈಸೂರಿನ ಸುತ್ತ ಒಂದು ರಾತ್ರಿ ಕಳೆಯೋಣ ಅನ್ನಿಸುವ ಜಾಗಗಳು ಹೆಚ್ಚುಕಡಿಮೆ ಕರಡಿಗೂ ಒಪ್ಪುವಂಥವೇ. ಆದರೆ ಯೂಟ್ಯೂಬಿನಲ್ಲಿ ಸಿಗುವ ಬುದ್ಧಿಮಾತೆಲ್ಲ ಬಹುಪಾಲು ಅಮೆರಿಕದ ಕರಡಿಗಳದ್ದು. ಅಲ್ಲಿ ದೊಡ್ಡ ಚಿಂತೆ ಊಟದ ಬುತ್ತಿಯದು. ನಮ್ಮ ಕರಡಿಯಿಂದ ಮೊದಲ ಅಪಾಯ ಬೇರೆ: ಅದಕ್ಕೆ ಗೊತ್ತಾಗದ ಹಾಗೆ ನಾವೇ ಹತ್ತಿರ ಹೋಗಿಬಿಡುವುದು.

ಇದರ ಮುಖ್ಯ ಆಹಾರ ಗೆದ್ದಲು, ಇರುವೆ, ಜೇನು, ಹಣ್ಣು. ಮೇಲ್ದವಡೆಯ ನಡುವಿನ ಎರಡು ಹಲ್ಲು ಇದಕ್ಕಿಲ್ಲ. ಹುತ್ತ ಅಗೆದು, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಆ ಸಂದಿಯಿಂದ ಗೆದ್ದಲನ್ನು ಸೊರ್ರನೆ ಹೀರುತ್ತದೆ; ಆ ಸದ್ದು ನೂರು ಮೀಟರ್ ದಾಟಿಯೂ ಕೇಳುತ್ತದೆ. ಮೂಗು ಚುರುಕಾದರೂ ಕಣ್ಣು, ಕಿವಿ ಅಷ್ಟಕ್ಕಷ್ಟೆ. ಹುತ್ತದೊಳಗೆ ಮೂತಿ ತೂರಿಸಿದ ಕರಡಿಗೆ ಗಾಳಿಗೆ ಎದುರಾಗಿ ನಡೆದು ಬರುವವರ ಸುಳಿವು ಸಿಗುವುದು ಹತ್ತು ಹೆಜ್ಜೆ ದೂರದಲ್ಲಿ. ಹುಲಿಯ ಜೊತೆ ಬಾಳಿಬಂದ ಪ್ರಾಣಿಯಾದ್ದರಿಂದ ಓಡುವ ಬದಲು ಮೈಮೇಲೆ ಬೀಳುವುದು ಅದಕ್ಕೆ ರೂಢಿ ಎಂಬುದು ವಿಜ್ಞಾನಿಗಳ ವಿವರಣೆ.

ಹಾಗಾಗಿ ಜಾಗದ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯಬೇಕು. ಅರಣ್ಯ ಇಲಾಖೆ ಅನುಮತಿ ಕೊಟ್ಟ ಕಡೆ ಮಾತ್ರ ಟೆಂಟ್. ಬೆಳಕಿರುವಾಗಲೇ ಸುತ್ತ ಒಂದು ಸಲ ನಡೆದು ನೋಡಿ. ಹೊಸದಾಗಿ ಬಗೆದ ಹುತ್ತ, ಮರದ ತೊಗಟೆಯ ಮೇಲೆ ಉಗುರಿನ ಗೀರು, ಹಣ್ಣಿನ ಬೀಜ ತುಂಬಿದ ಲದ್ದಿ ಕಂಡರೆ ಜಾಗ ಬದಲಿಸಿ. ಬಂಡೆ ಸಂದು, ಲಂಟಾನ ಪೊದೆ, ನೀರಿಗಿಳಿಯುವ ಕಾಲುದಾರಿ ಬೇಡ. ಚಳಿಗಾಲದಲ್ಲಿ ಬಂಡೆಪೊಟರೆಗಳಲ್ಲಿ ಮರಿ ಹಾಕಿರುತ್ತದೆ. ಆಮೇಲೂ ತಿಂಗಳುಗಟ್ಟಲೆ ತಾಯಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಹಣ್ಣುಬಿಟ್ಟ ಎಲಚಿ, ನೇರಳೆ, ಆಲದ ಬುಡವೂ ಬೇಡ, ನೆರಳು ಎಷ್ಟೇ ತಂಪಾಗಿರಲಿ.

ಊಟದ ಎಚ್ಚರವೂ ಬೇಕು. ಬೆಟ್ಟದ ಗುಡಿಗಳಿಗೆ ದೀಪದೆಣ್ಣೆ ನೆಕ್ಕಲು ಕರಡಿ ನುಗ್ಗಿದ ಸುದ್ದಿ ಓದಿರುತ್ತೀರಿ. ಎಣ್ಣೆ, ಬೆಲ್ಲ, ಕಾಯಿ, ಹಲಸಿನ ತೊಳೆ ಟೆಂಟಿನೊಳಗೆ ಇರಲೇಬಾರದು, ಗಾಜೇರಿಸಿದ ಕಾರಿನಲ್ಲಿರಲಿ. ಅಡುಗೆಯೂ ದೂರದಲ್ಲಿ ಆಗಲಿ. ಉಳಿದದ್ದನ್ನು ಹೂಳಬೇಡಿ, ಅಗೆಯುವುದೇ ಕರಡಿಯ ಕಸುಬು. ಕಟ್ಟಿಕೊಂಡು ವಾಪಸ್ ತನ್ನಿ.

ಸಂಜೆಯಿಂದ ಮುಂಜಾನೆವರೆಗೆ ಅದರ ಓಡಾಟ ಹೆಚ್ಚು. ಬಯಲಿಗೆ ಹೋಗುವುದಾದರೂ ಒಬ್ಬರೇ ಹೋಗಬೇಡಿ. ಟಾರ್ಚ್ ಇರಲಿ, ಕೋಲಿನಿಂದ ನೆಲ ತಟ್ಟುತ್ತ ಜೋರಾಗಿ ಮಾತಾಡುತ್ತ ನಡೆಯಿರಿ. ಕಾಡಿನಲ್ಲಿ ಮೌನವಾಗಿರಬೇಕೆಂಬ ಮಾತು ಇಲ್ಲಿ ನಡೆಯುವುದಿಲ್ಲ.

ದೂರದಲ್ಲಿ ಕಂಡರೆ ಬೆನ್ನು ತೋರಿಸದೆ ನಿಧಾನಕ್ಕೆ ಹಿಂದೆ ಸರಿಯಿರಿ. ಹತ್ತಿರವಾಗಿಬಿಟ್ಟರೆ ಎಲ್ಲರೂ ಒತ್ತಾಗಿ ನಿಲ್ಲಿ. ಓಡಿದರೆ ಅದು ನಿಮಗಿಂತ ಬೇಗ ಓಡುತ್ತದೆ. ಮರ ಹತ್ತಿದರೆ ಅದಕ್ಕೂ ಹತ್ತಲು ಬರುತ್ತದೆ. ಮೈಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಬೆರಳುಗಳನ್ನು ಹೆಣೆದು ಕತ್ತಿನ ಹಿಂಭಾಗ ಮುಚ್ಚಿ, ಮೊಣಕೈಗಳನ್ನು ಕೆನ್ನೆಗೆ ಒತ್ತಿಕೊಳ್ಳಿ. ಬೆನ್ನಿನ ಬ್ಯಾಗು ಬೆನ್ನಲ್ಲೇ ಇರಲಿ. ಅದರ ಹಲ್ಲು, ಉಗುರು ಹೆಚ್ಚಾಗಿ ಗುರಿಯಿಡುವುದು ತಲೆ, ಮುಖಕ್ಕೆ, ಕಣ್ಣು ಕಳೆದುಕೊಂಡವರಿದ್ದಾರೆ. ಅದು ಪೂರ್ತಿ ದೂರ ಹೋಗುವ ತನಕ ಏಳಬೇಡಿ.

ಗಾಯದಿಂದ ರಕ್ತ ಜೋರಾಗಿ ಹರಿಯುತ್ತಿದ್ದರೆ ಮೊದಲು ಶುಭ್ರ ಬಟ್ಟೆಯಿಂದ ಒತ್ತಿಹಿಡಿಯಿರಿ. ಉಳಿದ ಕಚ್ಚು, ಗೀರುಗಳನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಕಾಫಿಪುಡಿ ಮೆತ್ತಬೇಡಿ. ರೇಬಿಸ್ ಲಸಿಕೆಯ ಜೊತೆಗೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಮತ್ತು ಟೆಟನಸ್ ಚುಚ್ಚುಮದ್ದು ಕೂಡ ಬೇಕಾಗುವುದರಿಂದ 108ಕ್ಕೆ ಕರೆ ಮಾಡಿ, ದೊಡ್ಡಾಸ್ಪತ್ರೆಗೇ ಹೋಗಿ. ಕಾಡಂಚಿನಲ್ಲಿ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದನ್ನು ಟೆಂಟ್ ಹಾಕುವ ಮೊದಲೇ ನೋಡಿಟ್ಟುಕೊಳ್ಳಿ.