ಪದಗಳೆಲ್ಲ ಗೊತ್ತು, ಮಾತು ಮಾತ್ರ ತಿಳಿಯಲಿಲ್ಲ

ಓದುಗರ ಪ್ರಶ್ನೆ: ಗದಗ ಜಿಲ್ಲೆಯ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಬಿ.ಕಾಂ. ಮುಗಿಸಿ ಈಗ ಹುಬ್ಬಳ್ಳಿಯ ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಕಳೆದ ವಾರ ನಮ್ಮ ಮೇಲಧಿಕಾರಿ ಫೋನಿನಲ್ಲಿ ‘ಗಿವ್ ಮಿ ಎ ಬಾಲ್‌ಪಾರ್ಕ್ ಫಿಗರ್ ನೌ, ವೀ ವಿಲ್ ಟಚ್ ಬೇಸ್ ಆನ್ ಮಂಡೇ’ ಎಂದರು. ಒಂದೊಂದು ಪದವೂ ನನಗೆ ಗೊತ್ತು. ಆದರೂ ಏನೂ ತಿಳಿಯದೆ ‘ಯೆಸ್ ಸರ್’ ಎಂದು ಫೋನ್ ಇಟ್ಟೆ. ಪದಗಳೆಲ್ಲ ಗೊತ್ತಿದ್ದರೂ ಮಾತು ಏಕೆ ಅರ್ಥವಾಗುವುದಿಲ್ಲ? ಇಡಿಯಮ್ಮುಗಳ ಪುಸ್ತಕ ತಂದು ಬಾಯಿಪಾಠ ಮಾಡಿದರೆ ಸಾಕೇ?

ಉತ್ತರ: ನಿಮ್ಮ ಇಂಗ್ಲಿಷ್ ಕಡಿಮೆಯಾದದ್ದರಿಂದ ಹೀಗಾಯಿತೆಂದು ನೀವು ಭಾವಿಸಿದಂತಿದೆ. ಧಾರವಾಡದಲ್ಲಿ ಹಲವು ವರ್ಷ ಇಂಗ್ಲಿಷ್ ಕಲಿಸಿದ ಅನುಭವದಿಂದ ಹೇಳುತ್ತೇನೆ, ಅದು ಹಾಗಲ್ಲ. ನಿಘಂಟು ನೋಡಿ ಚೆನ್ನಾಗಿ ಕನ್ನಡ ಕಲಿತ ಇಂಗ್ಲೆಂಡಿನ ವ್ಯಕ್ತಿಯೊಬ್ಬ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ನಿಂತಿದ್ದಾನೆಂದು ಭಾವಿಸೋಣ. ಪಕ್ಕದಲ್ಲಿ ಒಬ್ಬರು ‘ಟೈಮಿಗೆ ಸರಿಯಾಗಿ ಅಂವ ನನಗ ಕೈ ಕೊಟ್ಟಾ ನೋಡ್ರಿ’ ಎನ್ನುತ್ತಾರೆ. ಅವನಿಗೆ ‘ಕೈ’ ಗೊತ್ತು, ‘ಕೊಡು’ ಗೊತ್ತು. ಅವನ ಭಾಷೆಯಲ್ಲಿ ‘ಗಿವ್ ಎ ಹ್ಯಾಂಡ್’ ಎಂದರೆ ನೆರವಾಗುವುದು; ಆದ್ದರಿಂದ ಯಾರೋ ಸರಿಯಾದ ಹೊತ್ತಿಗೆ ಬಂದು ಸಹಾಯ ಮಾಡಿದರೆಂದು ತಿಳಿದು ಅವನು ಸಂತೋಷಪಡುತ್ತಾನೆ. ನಾವು ಹೇಳಿದ್ದು ಅದರ ನೇರ ವಿರುದ್ಧವಾದದ್ದು. ಅವನ ಕನ್ನಡ ಪದಸಂಪತ್ತಿನಲ್ಲಿ ಯಾವ ಕೊರತೆಯೂ ಇಲ್ಲ, ನಿಮ್ಮ ಇಂಗ್ಲಿಷಿನಲ್ಲಿ ಹೇಗೆ ಇರಲಿಲ್ಲವೋ ಹಾಗೆ.

ಇಂಥ ಮಾತುಗಳನ್ನು ನಾವು ನುಡಿಗಟ್ಟು ಎಂದು ಕರೆಯುತ್ತೇವೆ, ಮತ್ತು ‘ಕಟ್ಟು’ ಎಂಬ ಪದವೇ ಅವುಗಳ ಗುಣವನ್ನು ಹೇಳಿಬಿಡುತ್ತದೆ. ಕಟ್ಟನ್ನು ಬಿಚ್ಚಿ ಕಡ್ಡಿ ಕಡ್ಡಿಯಾಗಿ ಎಣಿಸಿದರೆ ಅರ್ಥ ಸಿಗುವುದಿಲ್ಲ. ಇಡೀ ಕಟ್ಟಿಗೇ ಒಂದು ಅರ್ಥವಿರುತ್ತದೆ. ಓಡಿಹೋದವನ ಬಗ್ಗೆ ‘ಕಾಲಿಗೆ ಬುದ್ಧಿ ಹೇಳಿದ’ ಎನ್ನುತ್ತೇವೆ. ‘ಪಾದಕ್ಕೆ ತಿಳಿವಳಿಕೆ ಕೊಟ್ಟ’ ಎಂದರೆ ಕೇಳಿದವರು ಮುಖ ನೋಡುತ್ತಾರೆ. ಇಂಗ್ಲಿಷಿನಲ್ಲಿ ಗುಟ್ಟು ಬಿಟ್ಟುಕೊಡುವುದಕ್ಕೆ ‘ಸ್ಪಿಲ್ ದ ಬೀನ್ಸ್’ ಎನ್ನುತ್ತಾರೆ. ಬೀನ್ಸ್ ತೆಗೆದು ಬಟಾಣಿ ಹಾಕಿದರೆ ನಿಜವಾಗಿಯೂ ಬಟಾಣಿಯೇ ನೆಲಕ್ಕೆ ಚೆಲ್ಲುತ್ತದೆ, ಗುಟ್ಟು ಹೊರಬರುವುದಿಲ್ಲ. ಆದ್ದರಿಂದ ಒಂದು ವಾಕ್ಯದ ಪದಗಳೆಲ್ಲ ತಿಳಿದಿದ್ದೂ ಸಂದರ್ಭಕ್ಕೆ ಅರ್ಥ ಹೊಂದದಿದ್ದಾಗ, ‘ನನಗೆ ಗೊತ್ತಿಲ್ಲದ ಪದ ಯಾವುದು’ ಎಂದು ಹುಡುಕುವುದಕ್ಕಿಂತ ‘ಇಲ್ಲಿ ಕಟ್ಟು ಎಲ್ಲಿಂದ ಎಲ್ಲಿಯವರೆಗೆ ಇದೆ’ ಎಂದು ಕೇಳಿಕೊಳ್ಳುವುದು ಫಲ ಕೊಡುತ್ತದೆ.

ಈ ಕಷ್ಟವನ್ನು ನಮ್ಮದೇ ಊರಿನಲ್ಲಿ ತಿರುಗುಮುರುಗಾಗಿ ಅನುಭವಿಸಿದ ದೊಡ್ಡವರೊಬ್ಬರಿದ್ದಾರೆ. ಜರ್ಮನಿಯಿಂದ ಬಂದು ಧಾರವಾಡದಲ್ಲೂ ಕೆಲಸ ಮಾಡಿದ ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಪದಕ್ಕೆ ಅರ್ಥ ಕೊಟ್ಟು ಅವರು ಸುಮ್ಮನಾಗಲಿಲ್ಲ. ಆ ಪದ ಬರುವ ಗಾದೆಗಳನ್ನೂ ನುಡಿಗಟ್ಟುಗಳನ್ನೂ ಜೊತೆಗಿಟ್ಟರು. ಪದವೊಂದು ಜನರ ಬಾಯಿಯಲ್ಲಿ ಯಾರ ಜೊತೆ ಸೇರಿ ಓಡಾಡುತ್ತದೆ ಎಂಬುದು ತಿಳಿಯದೆ ಭಾಷೆ ಕೈಗೆ ಬರುವುದಿಲ್ಲವೆಂದು, ಹೊರಗಿನಿಂದ ಬಂದು ಕಲಿತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಈಗ ನಿಮ್ಮ ಅಧಿಕಾರಿಯ ಮಾತಿಗೆ ಬರೋಣ. ಅವರು ಬಳಸಿದ ಎರಡೂ ನುಡಿಗಟ್ಟುಗಳು ಅಮೆರಿಕದ ಬೇಸ್‌ಬಾಲ್ ಆಟದಿಂದ ಬಂದವು. ಬೇಸ್‌ಬಾಲ್ ಮೈದಾನಕ್ಕೆ ಅಲ್ಲಿ ‘ಬಾಲ್‌ಪಾರ್ಕ್’ ಎನ್ನುತ್ತಾರೆ. ‘ಬಾಲ್‌ಪಾರ್ಕ್ ಫಿಗರ್’ ಎಂದರೆ ಕರಾರುವಾಕ್ಕಾದ ಮೊತ್ತವಲ್ಲ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಅಂದಾಜು ಲೆಕ್ಕ. ಆಟಗಾರನು ಓಡುವಾಗ ಮುಟ್ಟಲೇಬೇಕಾದ ಠಾವು ‘ಬೇಸ್’. ‘ಟಚ್ ಬೇಸ್’ ಎಂದರೆ ಚಿಕ್ಕದಾಗಿ ಒಮ್ಮೆ ಮಾತಾಡಿಕೊಳ್ಳುವುದು. ನಮ್ಮಲ್ಲಿ ಬೇಸ್‌ಬಾಲ್ ಆಡುವವರು ಕಡಿಮೆ. ಹೀಗಾಗಿ ಈ ಮಾತುಗಳ ಹಿಂದಿನ ಚಿತ್ರ ನಮ್ಮ ಕಣ್ಣಿಗೆ ಕಟ್ಟುವುದಿಲ್ಲ. ಅದೇ ಬ್ರಿಟನ್ನಿನವರು ಕ್ರಿಕೆಟ್ಟಿನಿಂದ ತಂದ ಮಾತುಗಳನ್ನು ನೋಡಿ. ‘ಆನ್ ದ ಬ್ಯಾಕ್ ಫುಟ್’ ಎಂದರೆ ಹಿಂಜರಿದು ರಕ್ಷಣೆಗೆ ನಿಲ್ಲಬೇಕಾದ ಸ್ಥಿತಿ ಎಂದು ರಾಜನಗರದ ಮೈದಾನದಲ್ಲಿ ಒಂದು ಪಂದ್ಯ ನೋಡಿದ ಹುಡುಗನಿಗೂ ಹೊಳೆಯುತ್ತದೆ. ‘ಸ್ಟಿಕಿ ವಿಕೆಟ್’ ಎಂಬ ಮಾತಿಗೆ ಮಾತ್ರ ಸ್ವಲ್ಪ ಹಿಂದಕ್ಕೆ ಹೋಗಬೇಕು. ಪಿಚ್ಚಿಗೆ ಹೊದಿಕೆ ಹಾಕದಿದ್ದ ಕಾಲದಲ್ಲಿ, ಮಳೆಯಲ್ಲಿ ನೆನೆದು ಬಿಸಿಲಿಗೆ ಒಣಗುತ್ತಿದ್ದ ನೆಲದ ಮೇಲೆ ಚೆಂಡು ಹೇಗೆ ಪುಟಿಯುತ್ತದೆಂದು ಹೇಳಲಾಗುತ್ತಿರಲಿಲ್ಲ. ಬ್ಯಾಟು ಹಿಡಿದವನಿಗೆ ಅದು ಪೇಚಿನ ಪರಿಸ್ಥಿತಿ. ಇಂದಿಗೂ ಪೇಚಿಗೆ ಸಿಕ್ಕವರ ಬಗ್ಗೆ ಆ ಮಾತನ್ನು ಆಡುತ್ತಾರೆ. ತುಂಬು ಬಾಳು ಬಾಳಿ ತೀರಿಕೊಂಡ ಹಿರಿಯರ ಬಗ್ಗೆ ‘ಹೀ ಹ್ಯಾಡ್ ಎ ಗುಡ್ ಇನ್ನಿಂಗ್ಸ್’ ಎನ್ನುವುದೂ ಉಂಟು.

ಹುಬ್ಬಳ್ಳಿ ರೈಲಿನ ಊರಾದ್ದರಿಂದ ರೈಲಿನ ಮಾತುಗಳೂ ನಿಮಗೆ ಕಷ್ಟವಾಗಲಾರವು. ‘ಗೋ ಆಫ್ ದ ರೇಲ್ಸ್’ ಎಂಬುದಕ್ಕೆ ನಮ್ಮಲ್ಲಿ ‘ಹಳಿ ತಪ್ಪು’ ಎಂಬ ಮಾತು ಆಗಲೇ ಇದೆ. ‘ಲೆಟ್ ಆಫ್ ಸ್ಟೀಮ್’ ಎಂದರೆ ಒಳಗೆ ತುಂಬಿದ ಸಿಟ್ಟನ್ನೋ ಒತ್ತಡವನ್ನೋ ಹೊರಹಾಕುವುದೆಂದು ಉಗಿಬಂಡಿಯನ್ನು ನೆನೆದರೆ ಸಾಕು. ಆದರೆ ಚಿತ್ರದಿಂದ ಅರ್ಥ ಊಹಿಸುವ ಅಭ್ಯಾಸ ಕೆಲವೊಮ್ಮೆ ಮೋಸಗೊಳಿಸುತ್ತದೆ. ‘ಟ್ರೇನ್ ಆಫ್ ಥಾಟ್’ ಎಂಬ ಮಾತನ್ನು ಕೇಳಿದವರು ಬೋಗಿಗಳ ಸಾಲನ್ನು ಕಲ್ಪಿಸಿಕೊಳ್ಳುತ್ತಾರೆ. ಆದರೆ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ 1651ರಲ್ಲೇ ಈ ಮಾತನ್ನು ಬರೆದಿದ್ದಾನೆ. ಉಗಿಬಂಡಿ ಓಡಿದ ಮೊದಲ ಸಾರ್ವಜನಿಕ ರೈಲುಮಾರ್ಗ, ಇಂಗ್ಲೆಂಡಿನ ಸ್ಟಾಕ್ಟನ್ ಮತ್ತು ಡಾರ್ಲಿಂಗ್ಟನ್ ನಡುವಿನದು, ಆರಂಭವಾದದ್ದು 1825ರಲ್ಲಿ. ‘ಟ್ರೇನ್’ ಎಂದರೆ ಸಾಲು, ಒಂದರ ಹಿಂದೊಂದು ಬರುವುದು ಎಂಬ ಹಳೆಯ ಅರ್ಥ ಅಲ್ಲಿದೆ. ರೈಲುಗಾಡಿಗೆ ಆ ಹೆಸರು ಬಂದದ್ದೂ ಅದೇ ಅರ್ಥದಿಂದಲೇ.

ಹೀಗೆಯೇ, ನುಡಿಗಟ್ಟುಗಳ ಹುಟ್ಟಿನ ಬಗ್ಗೆ ಮೊಬೈಲಿನಲ್ಲಿ ಬರುವ ಕಥೆಗಳನ್ನು ನಂಬಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಎಂಬ ಮಾತು ಹುಲ್ಲಿನ ಮಾಡಿನ ಮೇಲೆ ಮಲಗಿದ್ದ ನಾಯಿ ಬೆಕ್ಕುಗಳು ಮಳೆಗೆ ಜಾರಿ ಬೀಳುತ್ತಿದ್ದುದರಿಂದ ಹುಟ್ಟಿತೆಂಬ ಕಥೆ ತುಂಬ ಹರಡಿದೆ. ಅದಕ್ಕೆ ಯಾವ ಆಧಾರವೂ ಇಲ್ಲ. ಜೊನಾಥನ್ ಸ್ವಿಫ್ಟ್ 1738ರಲ್ಲಿ ಪ್ರಕಟಿಸಿದ ಬರಹದಲ್ಲಿ ಆ ಮಾತು ಬಂದಿದೆ ಎಂಬುದು ಮಾತ್ರ ದಿಟ. ಇನ್ನೂ ಮುಖ್ಯವಾದ ವಿಷಯವೆಂದರೆ, ನಮ್ಮ ಶಾಲೆಗಳಲ್ಲಿ ಮೊದಲು ಕಲಿಸುವ ಈ ನುಡಿಗಟ್ಟನ್ನು ಇಂದಿನ ಇಂಗ್ಲಿಷರು ದಿನಬಳಕೆಯಲ್ಲಿ ಅಷ್ಟಾಗಿ ಆಡುವುದಿಲ್ಲ; ಜೋರು ಮಳೆಗೆ ಅವರು ಸಾಮಾನ್ಯವಾಗಿ ‘ಇಟ್ಸ್ ಪೋರಿಂಗ್’ ಎನ್ನುತ್ತಾರೆ.

ಇಡಿಯಮ್ಮುಗಳ ಪುಸ್ತಕವನ್ನು ಬಾಯಿಪಾಠ ಮಾಡುವುದರ ಅಪಾಯ ನನಗೆ ತಿಳಿದದ್ದು ಒಂದು ತರಗತಿಯಲ್ಲಿ. ಸಂತಾಪಪತ್ರ ಬರೆಯುವ ಅಭ್ಯಾಸ ಕೊಟ್ಟಿದ್ದೆ. ಕಲಘಟಗಿ ಕಡೆಯ ಹಳ್ಳಿಯಿಂದ ಬರುತ್ತಿದ್ದ, ಬಹಳ ಶ್ರದ್ಧೆಯ ಹುಡುಗನೊಬ್ಬ, ‘ಅವರ್ ಬಿಲವ್ಡ್ ಹೆಡ್‌ಮಾಸ್ಟರ್ ಹ್ಯಾಸ್ ಕಿಕ್ಡ್ ದ ಬಕೆಟ್’ ಎಂದು ದುಂಡು ಅಕ್ಷರದಲ್ಲಿ ಬರೆದು ತಂದ. ಅವನ ಪುಸ್ತಕದಲ್ಲಿ ಆ ನುಡಿಗಟ್ಟಿನ ಎದುರು ‘ಸಾಯು’ ಎಂಬ ಒಂದೇ ಪದ ಅಚ್ಚಾಗಿತ್ತು. ಅದು ತಪ್ಪು ಅರ್ಥವೂ ಅಲ್ಲ. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಪ್ರಕಟಿಸಿದ ಬೀದಿಮಾತಿನ ನಿಘಂಟಿನಲ್ಲೂ ಅದೇ ಅರ್ಥವಿದೆ. ಆದರೆ ಅದು ಬೀದಿಮಾತು ಎಂಬುದನ್ನು ಆ ಪುಸ್ತಕ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ: ‘ನಿಮ್ಮೂರ ಸ್ವಾಮಿಗಳು ತೀರಿಕೊಂಡರ ಏನಂತೀರಿ?’ ‘ಲಿಂಗೈಕ್ಯರಾದ್ರು ಅಂತೀವ್ರೀ ಸರ್.’ ‘ಮನಿಯೊಳಗ ಹಿರಿಯಾರು ಹೋದರ?’ ‘ತೀರಿಕೊಂಡ್ರು, ಶಿವನ ಪಾದ ಸೇರಿದ್ರು ಅಂತೀವ್ರೀ.’ ‘ಹಂಗಾರ ಗೊಟಕ್ ಅಂದ ಅಂತ ಯಾರಿಗೆ ಅಂತೀರಿ?’ ಹುಡುಗ ಒಂದು ಕ್ಷಣ ನನ್ನನ್ನು ನೋಡಿದ. ಬಳಿಕ ತನ್ನ ಹಾಳೆಯನ್ನು ನೋಡಿದ. ಮತ್ತೇನೂ ವಿವರಿಸಬೇಕಾಗಲಿಲ್ಲ. ‘ಕಿಕ್ಡ್ ದ ಬಕೆಟ್’ ಹೊಡೆದುಹಾಕಿ ‘ಪಾಸ್ಡ್ ಅವೇ’ ಎಂದು ತಾನೇ ತಿದ್ದಿದ.

ಅಂದಿನಿಂದ, ಯಾವ ನುಡಿಗಟ್ಟನ್ನು ಕಲಿಸಿದರೂ ಅದನ್ನು ಯಾರು ಯಾರಿಗೆ ಎಂಥ ಹೊತ್ತಿನಲ್ಲಿ ಹೇಳುತ್ತಾರೆ ಎಂಬುದನ್ನು ಹೇಳದೆ ನಾನು ಮುಂದೆ ಹೋಗಿಲ್ಲ. ಸಮಾನಾರ್ಥಕ ಪದವೊಂದನ್ನು ಎದುರಿಗೆ ಬರೆದುಕೊಂಡರೆ ಅರ್ಧ ಮಾತ್ರ ಕಲಿತಂತೆ.

ಊರು ಬದಲಾದರೂ ಅರ್ಥ ಬದಲಾಗುತ್ತದೆ. ‘ಐ ಪಾಸ್ಡ್ ಔಟ್ ಇನ್ 2019’ ಎಂದು ನಮ್ಮ ಪದವೀಧರರು ಧೈರ್ಯವಾಗಿ ಬರೆಯುತ್ತಾರೆ. ಸೈನಿಕ ತರಬೇತಿ ಮುಗಿಸಿ ಹೊರಬರುವುದಕ್ಕೆ ಬ್ರಿಟನ್ನಿನಲ್ಲೂ ಈ ಮಾತು ಉಂಟು. ಆದರೆ ಭಾರತದ ಹೊರಗೆ ಹೆಚ್ಚಿನವರಿಗೆ ಅದು ಎಚ್ಚರ ತಪ್ಪಿ ಬಿದ್ದೆ ಎಂದು ಕೇಳಿಸುತ್ತದೆ. ವಿದೇಶದ ಅರ್ಜಿಯಲ್ಲಿ ‘ಗ್ರಾಜುಯೇಟೆಡ್’ ಎಂದು ಬರೆಯುವುದು ಕ್ಷೇಮ. ಗೊತ್ತಾದ ಹೊತ್ತಿಗಿಂತ ಮೊದಲೇ ಇಟ್ಟುಕೊಳ್ಳುವುದಕ್ಕೆ ‘ಪ್ರಿಪೋನ್’ ಎನ್ನುವುದು ನಮ್ಮ ನೆಲದ ಬಳಕೆ. ಆಕ್ಸ್‌ಫರ್ಡ್ ನಿಘಂಟು ಅದನ್ನು ಸೇರಿಸಿಕೊಂಡಿದೆ, ಅದರ ಬಗ್ಗೆ ನಾಚಿಕೊಳ್ಳಬೇಕಾದ್ದಿಲ್ಲ. ಇಂಗ್ಲಿಷನ್ನೇ ತಾಯ್ನುಡಿಯಾಗಿ ಆಡುವವರ ನಡುವೆಯೂ ಇಂಥ ತೊಡಕು ಬರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಅಧಿಕಾರಿಗಳು ಒಂದು ಟಿಪ್ಪಣಿಯನ್ನು ‘ಟೇಬಲ್’ ಮಾಡಬೇಕೆಂದರು. ಅವರ ಪ್ರಕಾರ ಅದು ಕೂಡಲೇ ಚರ್ಚೆಗೆ ತೆಗೆದುಕೊಳ್ಳುವುದು. ಅಮೆರಿಕದವರ ಪ್ರಕಾರ ‘ಟೇಬಲ್’ ಮಾಡುವುದೆಂದರೆ ಬದಿಗಿಡುವುದು. ಇಬ್ಬರಿಗೂ ಬೇಕಾದದ್ದು ಒಂದೇ ಎಂದು ತಿಳಿಯುವ ಮೊದಲು ಬಹಳ ಹೊತ್ತು ವಾದ ನಡೆಯಿತೆಂದು ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ. ಅವರಿಗೇ ಹೀಗಾದ ಮೇಲೆ ನೀವು ‘ಯೆಸ್ ಸರ್’ ಎಂದು ಫೋನ್ ಇಟ್ಟದ್ದಕ್ಕೆ ತಲೆ ತಗ್ಗಿಸಬೇಕಾಗಿಲ್ಲ.

ಸ್ಲ್ಯಾಂಗ್ ಎಂದು ಕರೆಯುವ ಹುಡುಗರ ಮಾತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಬೇಗ ಹಳೆಯದಾಗುತ್ತದೆ ಮತ್ತು ಕಚೇರಿಯಲ್ಲಿ ನಿಮಗೆ ಅದರ ಅಗತ್ಯವೂ ಕಡಿಮೆ. ಜನರನ್ನು ಸೆಳೆಯುವ ಗುಣವೆಂಬ ಅರ್ಥದ ‘ಕರಿಸ್ಮಾ’ ಎಂಬುದರ ನಡುವಿನ ತುಣುಕನ್ನು ಕಿತ್ತು ಮಾಡಿದ ‘ರಿಜ್’ ಅನ್ನು ಆಕ್ಸ್‌ಫರ್ಡ್ 2023ರ ವರ್ಷದ ಪದವೆಂದು ಆರಿಸಿತು, 2024ರಲ್ಲಿ ‘ಬ್ರೇನ್ ರಾಟ್’, ಎಂದರೆ ಮೊಬೈಲಿನಲ್ಲಿ ಹುರುಳಿಲ್ಲದ್ದನ್ನು ನೋಡಿ ನೋಡಿ ಬುದ್ಧಿ ಮಂಕಾಗುವುದು. ‘ನೋ ಕ್ಯಾಪ್’ ಎಂದರೆ ಸುಳ್ಳಲ್ಲ ಎಂದರ್ಥ. ನಮ್ಮ ‘ಟೋಪಿ ಹಾಕು’ ಇದಕ್ಕೆ ನೆಂಟನಲ್ಲದಿದ್ದರೂ ನೆನಪಿಟ್ಟುಕೊಳ್ಳಲು ನೆರವಾಗುತ್ತದೆ. ಇವು ಕೇಳಿದಾಗ ತಿಳಿದರೆ ಸಾಕು.

ನಿಮಗೆ ನಿಜವಾಗಿ ಬೇಕಾದವು ಬೇರೆ: ಚಿಕ್ಕ ಕ್ರಿಯಾಪದದ ಜೊತೆ ‘ಅಪ್’, ‘ಆಫ್’, ‘ಔಟ್’ ಸೇರಿ ಆಗುವ ಮಾತುಗಳು. ‘ಪುಟ್ ಆಫ್’ ಎಂದರೆ ಮುಂದೂಡುವುದು, ‘ಪುಟ್ ಔಟ್’ ಎಂದರೆ ಬೆಂಕಿ ಆರಿಸುವುದು, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳುವುದು. ಪುಸ್ತಕಗಳು ಮೆರೆಸುವ ನಾಯಿ ಬೆಕ್ಕುಗಳಿಗಿಂತ ಇವು ದಿನಕ್ಕೆ ನೂರು ಪಾಲು ಹೆಚ್ಚು ಕಿವಿಗೆ ಬೀಳುತ್ತವೆ. ಕನ್ನಡದವರಿಗೆ ಇದು ಹೊಸ ವಿದ್ಯೆಯಲ್ಲ. ನಮ್ಮ ‘ಹಾಕು’ ಎಂಬ ಒಂದೇ ಕ್ರಿಯಾಪದವನ್ನು ನೋಡಿ: ಸಭೆಯನ್ನು ಮುಂದಕ್ಕೆ ಹಾಕುತ್ತೇವೆ, ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ, ಪರರ ಸೊತ್ತಿನ ಮೇಲೆ ಕಣ್ಣು ಹಾಕುತ್ತೇವೆ. ಇವುಗಳನ್ನು ಯಾರೂ ನಮಗೆ ಪಟ್ಟಿ ಮಾಡಿ ಕಲಿಸಲಿಲ್ಲ; ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಇಡೀ ವಾಕ್ಯವಾಗಿ ಕೇಳಿ ಕೇಳಿ ಬಂದವು.

ಆದ್ದರಿಂದ ಬಾಯಿಪಾಠದ ಬದಲು ಒಂದು ಚಿಕ್ಕ ವಹಿ ಇಟ್ಟುಕೊಳ್ಳಿ. ಕಿವಿಗೆ ಬಿದ್ದ ಮಾತನ್ನು ಇಡೀ ವಾಕ್ಯವಾಗಿಯೇ ಬರೆಯಿರಿ, ಕೆಳಗೆ ಯಾರು ಯಾರಿಗೆ ಹೇಳಿದರೆಂದು ಬರೆಯಿರಿ, ಅದೇ ಸಂದರ್ಭದಲ್ಲಿ ನಿಮ್ಮ ತಾಯಿಯವರು ಕನ್ನಡದಲ್ಲಿ ಏನೆನ್ನುತ್ತಿದ್ದರೋ ಅದನ್ನೂ ಬರೆಯಿರಿ. ಬೇರೆ ಬೇರೆಯವರ ಬಾಯಲ್ಲಿ ಮೂರು ನಾಲ್ಕು ಸಲ ಕೇಳುವವರೆಗೆ ಅದನ್ನು ನೀವು ಬಳಸಬೇಡಿ. ಸರಳ ಇಂಗ್ಲಿಷಿನಲ್ಲಿ ಮಾತಾಡುವವರನ್ನು ಯಾರೂ ತಪ್ಪು ತಿಳಿಯುವುದಿಲ್ಲ. ನುಡಿಗಟ್ಟನ್ನು ಅರಿಯುವುದು ಈಗಲೇ ಬೇಕು, ಆಡುವುದು ತಡವಾದರೂ ನಡೆಯುತ್ತದೆ.

ನಿಮ್ಮ ವಹಿಯ ಮೊದಲ ಪುಟಕ್ಕೆ ಆ ಫೋನಿನ ಮಾತನ್ನೇ ಬರೆದುಕೊಳ್ಳಿ. ಕನ್ನಡದಲ್ಲಿ ಅದು ಇಷ್ಟು: ‘ಈಗ ಅಂದಾಜು ಎಷ್ಟಾಗ್ತದ ಹೇಳ್ರಿ, ಸೋಮವಾರ ಒಮ್ಮೆ ಮಾತಾಡೋಣು.’ ಅವರು ಇನ್ನೂ ಆ ಮೊತ್ತಕ್ಕಾಗಿ ಕಾಯುತ್ತಿರಬಹುದು. ಪೈಸೆ ಪೈಸೆಯ ಲೆಕ್ಕ ಮುಗಿಯಲೆಂದು ಕಾಯದೆ, ‘ಅರೌಂಡ್ ಫೋರ್ ಲ್ಯಾಕ್ಸ್, ಸರ್, ಐ ವಿಲ್ ಕನ್ಫರ್ಮ್ ಆನ್ ಮಂಡೇ’ ಎಂಬಂತೆ, ನಿಮ್ಮ ಅಂದಾಜಿನ ಮೊತ್ತವನ್ನು ಸೇರಿಸಿ ಇಂದೇ ತಿಳಿಸಿಬಿಡಿ.