ಮಾತನಾಡಿಸಿದರೆ ನಿಂತುಬಿಡುವ ಕಾಲುಗಳು

ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡು ಮನೆಗೆ ಮರಳಿದವರು ಬಿದ್ದರೆ ಕೆಲವರು ಗ್ರಹಚಾರ ಎಂದು ಕೈಚೆಲ್ಲುತ್ತಾರೆ. ಈ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ, ಏಕೆಂದರೆ ಬೀಳುವ ಅಪಾಯವನ್ನು ಸ್ವಲ್ಪಮಟ್ಟಿಗಾದರೂ ಮುಂಚಿತವಾಗಿ ಅಳೆಯಬಹುದು. ಕಾಲಿಗೆ ಇನ್ನೂ ಶಕ್ತಿ ಬಂದಿಲ್ಲ ಎನ್ನುವವರದೂ ಅರ್ಧ ಸತ್ಯವೇ. ದೌರ್ಬಲ್ಯವೊಂದೇ ಕಾರಣವಾಗಿದ್ದರೆ ಹಾಸಿಗೆ ಬಿಟ್ಟೇಳಲಾರದವರು ಎಲ್ಲರಿಗಿಂತ ಹೆಚ್ಚು ಬೀಳಬೇಕಿತ್ತು. ಆದರೆ ಬೀಳಬೇಕಾದರೂ ಮೊದಲು ಎದ್ದು ನಿಲ್ಲಬೇಕಲ್ಲ!

ಆಸ್ಪತ್ರೆಗಳಲ್ಲಿ ಬಳಸುವ ಬರ್ಗ್ ಸಮತೋಲನ ಪರೀಕ್ಷೆಯಲ್ಲಿ 14 ಚಟುವಟಿಕೆಗಳು, ಒಟ್ಟು 56 ಅಂಕಗಳು. 45ಕ್ಕಿಂತ ಕಡಿಮೆ ಬಂದರೆ ಎಚ್ಚರ ಎಂಬುದು ರೂಢಿ. ಇನ್ನೊಂದರಲ್ಲಿ ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ಮರಳಿ ಬಂದು ಕೂರಲು ಎಷ್ಟು ಸೆಕೆಂಡು ಬೇಕೆಂದು ನೋಡುತ್ತಾರೆ. ಒಳ್ಳೆಯ ಪರೀಕ್ಷೆಗಳೇ. ಆದರೆ ಅಲ್ಲಿ ರೋಗಿಯ ಮನಸ್ಸೆಲ್ಲ ನಡಿಗೆಯ ಮೇಲಿರುತ್ತದೆ. ಮನೆಯಲ್ಲಿ ಹಾಗಿರುವುದಿಲ್ಲ.

ಆರೋಗ್ಯವಂತರ ನಡಿಗೆಯನ್ನು ಬೆನ್ನುಹುರಿ ಮತ್ತು ಕಿರುಮೆದುಳು ಬಹುಪಾಲು ತಾವೇ ನಿಭಾಯಿಸುತ್ತವೆ. ಪಾರ್ಶ್ವವಾಯುವಿನ ನಂತರ ಬೆರಳು ನೆಲಕ್ಕೆ ತಾಗದಂತೆ ಪಾದ ಎತ್ತುವುದು, ಮಂಡಿ ಕುಸಿಯದಂತೆ ಹಿಡಿಯುವುದು, ಭಾರವನ್ನು ಪಕ್ಕಕ್ಕೆ ವರ್ಗಾಯಿಸುವುದು, ಎಲ್ಲಕ್ಕೂ ಎಚ್ಚರದ ಗಮನ ಬೇಕು. ಸೈಕಲ್ ಕಲಿಯುತ್ತಿರುವವನನ್ನು ಹೆಸರು ಹಿಡಿದು ಕೂಗಿ ನೋಡಿ. ಅಂಚಿನವರೆಗೆ ತುಂಬಿದ ಲೋಟ ಹಿಡಿದು ನಡೆಯುವವರಿಗೆ ಮಗ್ಗಿ ಒಪ್ಪಿಸಲು ಹೇಳಿ. ಗಮನವೆಂಬುದು ಚಿಕ್ಕ ಹೊದಿಕೆ; ತಲೆಗೆ ಎಳೆದುಕೊಂಡರೆ ಕಾಲು ಹೊರಗೆ.

19ನೆಯ ಶತಮಾನದಲ್ಲೇ ಜರ್ಮನಿಯ ವೈದ್ಯ ರೋಂಬರ್ಗ್ ಇಂಥದೇ ಉಪಾಯವೊಂದನ್ನು ಬಳಸಿದ್ದ. ನಿಂತ ರೋಗಿಗೆ ಕಣ್ಣು ಮುಚ್ಚಲು ಹೇಳುತ್ತಿದ್ದ. ಕಣ್ಣಿನ ಆಸರೆ ತಪ್ಪಿದೊಡನೆ ದೇಹದ ಅಡಗಿದ ಕೊರತೆ ಓಲಾಟವಾಗಿ ಹೊರಬೀಳುತ್ತಿತ್ತು. ಸ್ವೀಡನ್ನಿನ ಸಂಶೋಧಕರು 1997ರಲ್ಲಿ ತಪ್ಪಿಸಿದ್ದು ಗಮನದ ಆಸರೆಯನ್ನು. ನಡೆಯುತ್ತಿದ್ದ 58 ವೃದ್ಧರನ್ನು ಮಾತಿಗೆಳೆದಾಗ 12 ಮಂದಿ ನಿಂತುಬಿಟ್ಟರು. ಮುಂದಿನ 6 ತಿಂಗಳಲ್ಲಿ ಅವರಲ್ಲಿ 10 ಮಂದಿ ಬಿದ್ದರು! ಸ್ಟಾಪ್‌ವಾಚ್ ಕೂಡ ಬೇಡದ ಪರೀಕ್ಷೆ.

ಪಾರ್ಶ್ವವಾಯು ಪೀಡಿತರಲ್ಲಿ ಮಾತ್ರ ಇದು ಅಷ್ಟು ನಿಖರವಾಗಿ ನಡೆಯಲಿಲ್ಲ. 2004ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಆಸ್ಪತ್ರೆಯ ಹೊರಗೆ ಬದುಕುತ್ತಿದ್ದ 63 ಮಂದಿಯಲ್ಲಿ ಮಾತಿಗೆ ನಿಂತವರು 26. ಅವರಲ್ಲಿ ಬಿದ್ದವರು 16. ನಿಲ್ಲದೆ ನಡೆದವರಲ್ಲೂ 14 ಮಂದಿ ಬಿದ್ದರು. ನನಗನಿಸುವಂತೆ, ನಿಂತುಬಿಡುವುದು ಕೆಲವರಿಗೆ ವಿವೇಕದ ಆಯ್ಕೆ. ನಿಲ್ಲಬೇಕಾದಲ್ಲಿ ನಿಲ್ಲದೆ ಎರಡನ್ನೂ ಒಟ್ಟಿಗೆ ಮಾಡಹೊರಟವರಿಗೂ ಅಪಾಯವಿದೆ.

ಆದ್ದರಿಂದ ಒಂದೇ ಅಂಕಿಯನ್ನು ನೆಚ್ಚುವಂತಿಲ್ಲ. ಈ ಮೊದಲು ಬಿದ್ದಿದ್ದಾರೆಯೇ, ಒಂದು ಪಕ್ಕದ ವಸ್ತುಗಳು ಗಮನಕ್ಕೇ ಬಾರದೆ ಹೋಗುತ್ತಿವೆಯೇ ಎಂದು ಕೇಳಲೇಬೇಕು. ಬಿಡುಗಡೆಗೆ ಮುನ್ನ ಆ 3 ಮೀಟರ್ ನಡಿಗೆಯನ್ನು ಎರಡು ಸಲ ಮಾಡಿಸಬೇಕು: ಒಮ್ಮೆ ಸುಮ್ಮನೆ, ಇನ್ನೊಮ್ಮೆ ನೂರರಿಂದ ಮೂರು ಮೂರು ಕಳೆಯುತ್ತಾ. ಎರಡರ ನಡುವಿನ ಸೆಕೆಂಡುಗಳ ವ್ಯತ್ಯಾಸವನ್ನು ಮನೆಯವರಿಗೂ ತೋರಿಸಬೇಕು.