ಒಂದು ಚಮಚ ಚಕ್ಕೆ ಪುಡಿ ಮತ್ತು ನಾಯಿಯ ಲಿವರ್

ಕೂಮರಿನ್ ಅನ್ನೋ ವಸ್ತುವನ್ನು ಪರಿಮಳಕ್ಕಾಗಿ ತಿನ್ನುವ ಪದಾರ್ಥಕ್ಕೆ ಬೆರೆಸುವಂತಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಅದರ ಹೆಸರು ಹಿಡಿದೇ ನಿಷೇಧಿಸಿದ್ದಾರೆ. ಅದೇ ಕೂಮರಿನ್ ನಿಮ್ಮ ಮನೆಯ ಮಸಾಲೆ ಡಬ್ಬಿಯಲ್ಲಿ, ಪಲಾವಿಗೆ ಹಾಕುವ ಚಕ್ಕೆಯಲ್ಲಿ ಹಾಯಾಗಿ ಕೂತಿದೆ. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಇಷ್ಟು ಹೇಳಿದರೆ ಸಾಕು, ಜನ ಎರಡು ಪಾಳಯ ಆಗುತ್ತಾರೆ. ಒಬ್ಬರು "ಅಯ್ಯೋ, ಚಕ್ಕೆಯಲ್ಲಿ ವಿಷ" ಎಂದು ವಾಟ್ಸಾಪ್‌ನಲ್ಲಿ ಹಂಚುತ್ತಾರೆ. ಇನ್ನೊಬ್ಬರು "ಗಿಡದಿಂದ ಬಂದದ್ದು ಏನೂ ಮಾಡಲ್ಲ, ಕೆಮಿಕಲ್ ಮಾತ್ರ ಕೆಟ್ಟದ್ದು" ಅನ್ನುತ್ತಾರೆ. ನನಗೆ ಎರಡನೆಯವರ ಮೇಲೆ ಸಿಟ್ಟು ಜಾಸ್ತಿ. ತೊಗಟೆಯಲ್ಲಿರುವ ಕೂಮರಿನ್ನಿಗೂ ಫ್ಯಾಕ್ಟರಿಯ ಕೂಮರಿನ್ನಿಗೂ ಒಂದು ಪರಮಾಣುವಿನಷ್ಟೂ ವ್ಯತ್ಯಾಸ ಇಲ್ಲ. ಎರಡರಲ್ಲೂ 9 ಕಾರ್ಬನ್, 6 ಹೈಡ್ರೋಜನ್, 2 ಆಮ್ಲಜನಕ. ಅದು ಯಾವ ಊರಿನಿಂದ ಬಂತು ಅಂತ ಲಿವರ್ ಕೇಳುವುದಿಲ್ಲ. ಎಷ್ಟು ಬಂತು ಅನ್ನೋದಷ್ಟೇ ಅದಕ್ಕೆ ಮುಖ್ಯ.

ಅಂದಹಾಗೆ ಆ ನಿಷೇಧದ ಪಟ್ಟಿಯಲ್ಲಿ ಬೀಟಾ ಅಸರೋನ್ ಕೂಡ ಇದೆ. ಅದು ಬಜೆಯಲ್ಲಿರುವ ವಸ್ತು. ಎಳೆಮಗುವಿಗೆ ತೇಯ್ದು ನೆಕ್ಕಿಸುತ್ತೇವಲ್ಲ, ಅದೇ ಬಜೆ. ಚಕ್ಕೆ ಸುದ್ದಿಯಾಗುತ್ತದೆ, ಬಜೆಯ ತಂಟೆಗೆ ಯಾರೂ ಹೋಗುವುದಿಲ್ಲ.

ಕೂಮರಿನ್ನಿನ ಹುಟ್ಟು ಚಕ್ಕೆಯಿಂದಲ್ಲ. 1820ರಲ್ಲಿ ಅದನ್ನು ಮೊದಲು ಬೇರ್ಪಡಿಸಿದ್ದು ದಕ್ಷಿಣ ಅಮೆರಿಕದ ಟೋಂಕಾ ಬೀಜದಿಂದ. ಬಿಸಿಲಲ್ಲಿ ಆಗತಾನೇ ಒಣಗಿದ ಹುಲ್ಲಿನ ಘಮ, ಜೊತೆಗೆ ಸ್ವಲ್ಪ ವೆನಿಲ್ಲಾ ಛಾಯೆ. 1868ರಲ್ಲಿ ವಿಲಿಯಂ ಹೆನ್ರಿ ಪರ್ಕಿನ್ ಇದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದ. ಈ ಪರ್ಕಿನ್ ಸಾಮಾನ್ಯದವನಲ್ಲ. 1856ರಲ್ಲಿ, ಇನ್ನೂ 18 ವರ್ಷದ ಹುಡುಗ, ಮಲೇರಿಯಾಕ್ಕೆ ಕ್ವಿನೈನ್ ಮಾಡಲು ಹೋಗಿ ನೇರಳೆ ಬಣ್ಣ ಮಾಡಿಬಿಟ್ಟಿದ್ದ. ಕೃತಕ ಬಣ್ಣಗಳ ಉದ್ಯಮವೇ ಅಲ್ಲಿಂದ ಶುರುವಾಯಿತು. ಬಣ್ಣದಲ್ಲಿ ಗೆದ್ದವನು ಆಮೇಲೆ ಪರಿಮಳಕ್ಕೆ ಕೈ ಹಾಕಿದ. ಅಗ್ಗದ ಕೂಮರಿನ್ ಸಿಕ್ಕಿದ ಮೇಲೆ ಸೆಂಟು, ಸೋಪು, ತಂಬಾಕು ಎಲ್ಲದಕ್ಕೂ ಅದು ಹೊಕ್ಕಿತು. ನಕಲಿ ವೆನಿಲ್ಲಾ ಎಸೆನ್ಸಿಗಂತೂ ಅದು ಹೇಳಿ ಮಾಡಿಸಿದಂತಿತ್ತು. ಜನ ಹಲವು ದಶಕ ಆರಾಮಾಗಿ ತಿಂದರು.

ಆಮೇಲೆ ಯಾರೋ ಇಲಿಗೂ ನಾಯಿಗೂ ತಿನ್ನಿಸಿ ನೋಡಿದರು. ಎರಡರ ಲಿವರ್ರೂ ಕೆಟ್ಟಿತು. 1954ರಲ್ಲಿ ಅಮೆರಿಕ ಆಹಾರಕ್ಕೆ ಕೂಮರಿನ್ ಬೆರೆಸುವುದನ್ನು ನಿಲ್ಲಿಸಿತು.

ಅದೇ 1954ರಲ್ಲಿ ಇನ್ನೊಂದು ಕೆಲಸ ಆಯಿತು. ನನಗೆ ಅದು ನಿಷೇಧಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯಲ್ಲಿದ್ದ ಆರ್ನಲ್ಡ್ ಲೇಮನ್ ಮತ್ತು ಗಾರ್ತ್ ಫಿಟ್ಜ್‌ಹ್ಯೂ ಒಂದು ಪುಟ್ಟ ಲೇಖನ ಬರೆದು, ಪ್ರಾಣಿಗೆ ಏನೂ ಮಾಡದ ಪ್ರಮಾಣವನ್ನು 100ರಿಂದ ಭಾಗಿಸಿ ಮನುಷ್ಯನಿಗೆ ಕೊಡಿ ಅಂದರು. ಯಾಕೆ 100? ಪ್ರಾಣಿಗಿಂತ ಮನುಷ್ಯ 10 ಪಟ್ಟು ಸೂಕ್ಷ್ಮ ಇರಬಹುದು, ಮನುಷ್ಯರಲ್ಲೇ ಕೆಲವರು ಉಳಿದವರಿಗಿಂತ 10 ಪಟ್ಟು ಸೂಕ್ಷ್ಮ ಇರಬಹುದು. ಹತ್ತು ಹತ್ಲಿ ನೂರು. ಇದರ ಹಿಂದೆ ಯಾವ ಗಹನ ಸೂತ್ರವೂ ಇಲ್ಲ. ಅನುಭವ ಇದ್ದವರ ಅಂದಾಜು ಅಷ್ಟೇ. ಇಂದಿಗೂ ಬಿಸ್ಕತ್ತಿನ ಬಣ್ಣದಿಂದ ಹಿಡಿದು ತರಕಾರಿ ಮೇಲಿನ ಕೀಟನಾಶಕದ ತನಕ ಮಿತಿ ಹಾಕಲು ಶುರು ಮಾಡುವುದು ಈ ನೂರರಿಂದಲೇ.

ಕೂಮರಿನ್ ವಿಷಯದಲ್ಲಿ ಅತಿ ಸೂಕ್ಷ್ಮ ಪ್ರಾಣಿ ನಾಯಿ. ಎರಡು ವರ್ಷ ದಿನಾ ತಿನ್ನಿಸಿದಾಗ, ಒಂದು ಕಿಲೋ ಮೈತೂಕಕ್ಕೆ 10 ಮಿಲಿಗ್ರಾಂ ತನಕ ನಾಯಿಯ ಲಿವರ್ ತಡೆದುಕೊಂಡಿತು. ಅದನ್ನು 100ರಿಂದ ಭಾಗಿಸಿ. ಕಿಲೋಗೆ 0.1 ಮಿಲಿಗ್ರಾಂ. 2004ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಮನುಷ್ಯನಿಗೆ ಹಾಕಿದ ದಿನದ ಮಿತಿ ಇದೇ. ಜೀವಮಾನ ಪೂರ್ತಿ, ಪ್ರತಿದಿನ ಇಷ್ಟು ತಿಂದರೂ ಚಿಂತೆ ಇಲ್ಲ ಅನ್ನೋದು ಅದರ ಅರ್ಥ. ದಾಟಿದ ಕ್ಷಣಕ್ಕೆ ಲಿವರ್ ಹೋಯಿತು ಅಂತ ಯಾರೂ ಹೇಳಿಲ್ಲ. ಒಂದೆರಡು ವಾರ ಇದರ ಮೂರು ಪಟ್ಟು ಹೊಟ್ಟೆಗೆ ಹೋದರೂ ಗಾಬರಿ ಬೇಡ ಎಂದು ಅದೇ ಸಂಸ್ಥೆ 2008ರಲ್ಲಿ ಹೇಳಿದೆ. ಈ ಸಾಲು ಮಾತ್ರ ವಾಟ್ಸಾಪ್‌ಗೆ ಬರಲೇ ಇಲ್ಲ.

ಇನ್ನೊಂದು ಮಾತೂ ಬರಲಿಲ್ಲ. 2004ಕ್ಕೆ ಮುಂಚೆ ಯುರೋಪಿನಲ್ಲಿ ಮಿತಿ ಇನ್ನೂ ಬಿಗಿ ಇತ್ತು. ಕಾರಣ ಕ್ಯಾನ್ಸರ್ ಭಯ. ವಸ್ತುವೊಂದು ನೇರವಾಗಿ ಡಿಎನ್‌ಎಗೆ ಕೈ ಹಾಕುವಂಥದ್ದಾದರೆ ಅದಕ್ಕೆ ಸುರಕ್ಷಿತ ಪ್ರಮಾಣ ಅಂತ ಗೆರೆ ಎಳೆಯುವುದು ಕಷ್ಟ. ನೂರರಿಂದ ಭಾಗಿಸುವ ಆಟ ಅಲ್ಲಿ ನಡೆಯುವುದಿಲ್ಲ. ಇಲಿಗಳ ಲಿವರ್ ಮತ್ತು ಕಿಡ್ನಿಯಲ್ಲಿ ಹುಡುಕಿದಾಗ ಕೂಮರಿನ್ ಡಿಎನ್‌ಎಗೆ ಅಂಟಿಕೊಂಡದ್ದು ಕಾಣಲಿಲ್ಲ. ಆ ಭಯ ಇಳಿದ ಮೇಲೆಯೇ 0.1ರ ಮಿತಿ ಬಂದದ್ದು.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಇಲಿಯ ಲಿವರ್ ಬೇಗ ಕೆಡುತ್ತದೆ, ನಮ್ಮದು ಸಾಮಾನ್ಯವಾಗಿ ಕೆಡುವುದಿಲ್ಲ. ಯಾಕೆ? ಕೆರೆ ನೋಡಿದವರಿಗೆ ಇದು ಸಲೀಸಾಗಿ ಅರ್ಥವಾಗುತ್ತದೆ. ಕೆರೆಗೆ ತೂಬು ಇರುತ್ತದೆ, ಕೋಡಿಯೂ ಇರುತ್ತದೆ. ತೂಬಿನಿಂದ ಹೋದ ನೀರು ಶಿಸ್ತಾಗಿ ಗದ್ದೆಗೆ ಹೋಗುತ್ತದೆ. ತೂಬಿಗೆ ಮೀರಿದ ನೀರು ಕೋಡಿ ಬೀಳುತ್ತದೆ. ಲಿವರ್‌ಗೆ ಬಂದ ಕೂಮರಿನ್ನಿಗೂ ಹೀಗೆ ಎರಡು ದಾರಿ. ಮನುಷ್ಯನಲ್ಲಿ ಸಿವೈಪಿ2ಎ6 ಎಂಬ ಕಿಣ್ವವೇ ತೂಬು. ಅದು ಕೂಮರಿನ್ ಅಣುವಿನ ಏಳನೇ ಜಾಗಕ್ಕೆ ಆಮ್ಲಜನಕ, ಹೈಡ್ರೋಜನ್ನಿನ ಒಂದು ಜೋಡಿ ಸಿಕ್ಕಿಸುತ್ತದೆ. ಆಗ ಅದು ನಿರುಪದ್ರವಿ, ಮೂತ್ರದಲ್ಲಿ ಹೊರಟು ಹೋಗುತ್ತದೆ.

ಇಲಿಯಲ್ಲಿ ಈ ತೂಬು ಇದ್ದೂ ಇಲ್ಲದಂತೆ. ಹಾಗಾಗಿ ಬಂದದ್ದೆಲ್ಲ ಕೋಡಿಗೆ. ಅಲ್ಲಿ ಮೂರು ಮತ್ತು ನಾಲ್ಕನೇ ಜಾಗದ ನಡುವೆ ಆಮ್ಲಜನಕ ಸೇರಿ ಎಪಾಕ್ಸೈಡ್ ಎಂಬ ಅಸ್ಥಿರ ವಸ್ತು ಆಗುತ್ತದೆ. ಅದು ಒಡೆದು ಒಂದು ಆಲ್ಡಿಹೈಡ್ ಹುಟ್ಟುತ್ತದೆ. ಲಿವರ್ ಕೋಶಗಳನ್ನು ಕೊಲ್ಲುವುದು ಈ ಆಲ್ಡಿಹೈಡ್. ಕೋಡಿಯ ಕೆಳಗೆ ಹಳ್ಳ ಚೆನ್ನಾಗಿದ್ದರೆ, ಅಂದರೆ ಆಲ್ಡಿಹೈಡನ್ನು ಬೇಗ ಆಮ್ಲವಾಗಿಸುವ ವ್ಯವಸ್ಥೆ ಇದ್ದರೆ, ಕೋಡಿ ಬಿದ್ದರೂ ಊರು ಮುಳುಗುವುದಿಲ್ಲ. ಸುಂಡಿಲಿಯ ಲಿವರ್‌ನಲ್ಲಿ ಈ ಹಳ್ಳ ಚೆನ್ನಾಗಿದೆ. ದೊಡ್ಡ ಇಲಿಯಲ್ಲಿ ಇಲ್ಲ. ಹಾಗಂತ ಸುಂಡಿಲಿ ಪೂರ್ತಿ ಬಚಾವಲ್ಲ, ಅದಕ್ಕೆ ಪೆಟ್ಟು ಬೀಳುವುದು ಶ್ವಾಸಕೋಶಕ್ಕೆ. ಒಂದೇ ಅಣು, ಎರಡು ಬಗೆಯ ಇಲಿ, ಎರಡು ಬೇರೆ ಅಂಗ! ಪ್ರಾಣಿಯ ಲೆಕ್ಕ ನೋಡಿ ಮನುಷ್ಯನಿಗೆ ಮಿತಿ ಹಾಕುವವರ ತಲೆನೋವು ಎಂಥದ್ದು ಅಂತ ಈಗ ಗೊತ್ತಾಯಿತಲ್ವಾ?

ಮನುಷ್ಯರ ತೂಬುಗಳೂ ಒಂದೇ ಅಳತೆಯವಲ್ಲ. ಕೆಲವರಲ್ಲಿ ಹೂಳು ತುಂಬಿದೆ. ಕೆಲವರಲ್ಲಿ ಆ ಕಿಣ್ವದ ಜೀನೇ ಇಲ್ಲ. ಜಪಾನ್, ಕೊರಿಯಾ ಕಡೆ ಅಂಥವರು ಯುರೋಪಿಗಿಂತ ಜಾಸ್ತಿ. ಸಿಗರೇಟಿನ ನಿಕೋಟಿನ್ ಕರಗಿಸುವುದೂ ಇದೇ ಕಿಣ್ವ. ಯಾರ ತೂಬು ಎಷ್ಟು ಅಗಲ ಅಂತ ತಿಳಿಯಲು ಒಂದು ಚೆಂದದ ಪರೀಕ್ಷೆ ಇದೆ. ಸ್ವಲ್ಪ ಕೂಮರಿನ್ ಕೊಟ್ಟು, ಕೆಲವು ಗಂಟೆ ಮೂತ್ರ ಸಂಗ್ರಹಿಸಿ, ಅದರಲ್ಲಿ ಏಳನೇ ಜಾಗ ಬದಲಾದ ಕೂಮರಿನ್ ಎಷ್ಟಿದೆ ಅಂತ ಅಳೆಯುವುದು. ಅತಿನೇರಳೆ ಬೆಳಕು ಹಾಯಿಸಿದರೆ ಆ ವಸ್ತು ನೀಲಿಯಾಗಿ ಹೊಳೆಯುತ್ತದೆ. ಹೊಳಪು ಜಾಸ್ತಿ ಇದ್ದರೆ ತೂಬು ಅಗಲ ಅಂತ ಲೆಕ್ಕ.

ಅಗಲದ ತೂಬಿಗೂ ಒಂದು ಮಿತಿ ಇದೆ. ಕೈಕಾಲು ಊತಕ್ಕೆ ಕೂಮರಿನ್ನನ್ನು ಔಷಧಿಯಾಗಿ ಕೊಟ್ಟು ನೋಡಿದ್ದರು. 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ತೋಳು ಊದಿಕೊಂಡ 140 ಹೆಂಗಸರಿಗೆ ದಿನಕ್ಕೆ 400 ಮಿಲಿಗ್ರಾಂ ಕೊಟ್ಟರು. ಊತ ಇಳಿಯಲಿಲ್ಲ. ಶೇ. 6ರಷ್ಟು ಮಂದಿಯ ರಕ್ತಪರೀಕ್ಷೆಯಲ್ಲಿ ಲಿವರ್‌ಗೆ ಪೆಟ್ಟು ಬಿದ್ದದ್ದು ಕಂಡಿತು. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ 400 ಮಿಲಿಗ್ರಾಂ ಕೂಡ ಏನೂ ಮಾಡಲಿಲ್ಲ ಅನ್ನೋದನ್ನೂ ಗಮನಿಸಿ. ಮಿತಿ ಹಾಕುವುದು ಉಳಿದ ಆ ಆರು ಜನರಿಗಾಗಿ.

ಈಗ ಡಬ್ಬಿಯಿಂದ ಒಂದು ತುಂಡು ಚಕ್ಕೆ ತೆಗೆದು ನೋಡಿ. ದಪ್ಪಗೆ, ಒಂದೇ ಪದರ, ಕೆಂಪು ಮಿಶ್ರಿತ ಕಂದು ಬಣ್ಣ, ಮುರಿಯಲು ಹೋದರೆ ಬೆರಳು ನೋಯುವಷ್ಟು ಗಟ್ಟಿ ಇದೆಯಾ? ಅದು ಕ್ಯಾಸಿಯಾ. ವಿಯೆಟ್ನಾಂ, ಚೀನಾ, ಇಂಡೋನೇಷ್ಯಾ ಕಡೆಯ ಮರ. ಕಾಗದದಷ್ಟು ತೆಳುವಾದ ಹಲವು ಪದರ ಒಂದರೊಳಗೊಂದು ಸುರುಳಿ ಸುತ್ತಿಕೊಂಡು, ತಿಳಿ ಬಣ್ಣದಲ್ಲಿದ್ದು, ಬೆರಳಲ್ಲಿ ಒತ್ತಿದರೆ ಪುಡಿಪುಡಿ ಆಗುತ್ತದಾ? ಅದು ಸಿಲೋನ್ ದಾಲ್ಚಿನ್ನಿ. ಘಮ ಎರಡರಲ್ಲೂ ಮುಖ್ಯವಾಗಿ ಸಿನ್ನಮಾಲ್ಡಿಹೈಡ್ ಎಂಬ ಬೇರೊಂದು ವಸ್ತುವಿನದ್ದೇ. ಕೂಮರಿನ್ ವಿಷಯದಲ್ಲಿ ಮಾತ್ರ ಆಕಾಶ ಪಾತಾಳದ ವ್ಯತ್ಯಾಸ. ಜರ್ಮನಿಯ ಸರ್ಕಾರಿ ಸಂಸ್ಥೆಯ ಲೆಕ್ಕದಲ್ಲಿ ಕ್ಯಾಸಿಯಾದ ಒಂದು ಕಿಲೋ ಪುಡಿಗೆ ಸರಾಸರಿ 3 ಗ್ರಾಂ ಕೂಮರಿನ್. ಸಿಲೋನಿನದರಲ್ಲಿ ಹೆಸರಿಗಷ್ಟೇ. ನಮ್ಮ ಆಹಾರ ನಿಯಮದಲ್ಲೂ ಇವು ಬೇರೆ ಬೇರೆ. ಕ್ಯಾಸಿಯಾ ತಜ್, ಸಿಲೋನಿನದು ದಾಲ್ಚಿನ್ನಿ. ಅಂಗಡಿಯಲ್ಲಿ ಎರಡೂ ಚಕ್ಕೆಯೇ, ಸಿಗುವುದು ಹೆಚ್ಚಾಗಿ ದಪ್ಪದ್ದೇ. ಪುಡಿ ಮಾಡಿಬಿಟ್ಟರೆ ಕಣ್ಣಿಗೆ ಗೊತ್ತಾಗುವುದೂ ಇಲ್ಲ.

ಲೆಕ್ಕ ಹಾಕೋಣ. 60 ಕಿಲೋ ತೂಕದವರಿಗೆ ದಿನದ ಮಿತಿ 6 ಮಿಲಿಗ್ರಾಂ ಕೂಮರಿನ್. ಕ್ಯಾಸಿಯಾ ಒಂದು ಗ್ರಾಂಗೆ 3 ಮಿಲಿಗ್ರಾಂ. ಅಂದರೆ 2 ಗ್ರಾಂ ಪುಡಿಗೆ ಮಿತಿ ಮುಟ್ಟಿತು. ಟೀ ಚಮಚದಲ್ಲಿ ಒಂದು ಚಮಚ ತುಂಬಾ ತಗೊಂಡರೆ ಅದಕ್ಕಿಂತ ಸ್ವಲ್ಪ ಜಾಸ್ತಿಯೇ. 15 ಕಿಲೋ ಮಗುವಿಗಾದರೆ ಅರ್ಧ ಗ್ರಾಂ ಸಾಕು. ಪಲಾವಿನ ಕಥೆ ಬೇರೆ. ನಾಲ್ಕು ಜನರ ಪಲಾವಿಗೆ 4 ಗ್ರಾಂ ಚಕ್ಕೆ ಹಾಕಿದಿರಿ ಅಂದುಕೊಳ್ಳಿ. ಅದರಲ್ಲಿದ್ದ ಕೂಮರಿನ್ ಪೂರ್ತಿ ಅನ್ನಕ್ಕೆ ಇಳಿದರೂ ಒಬ್ಬರ ಪಾಲಿಗೆ 3 ಮಿಲಿಗ್ರಾಂ. ಪೂರ್ತಿ ಇಳಿಯುವುದೂ ಇಲ್ಲ, ಚಕ್ಕೆಯನ್ನು ನಾವು ಎಲೆಯ ಬದಿಗೆ ಎತ್ತಿಡುತ್ತೇವೆ, ಪಲಾವು ದಿನಾ ಮಾಡುವುದೂ ಇಲ್ಲ. ಇಡೀ ಚಕ್ಕೆ ಹಾಕಿ ಆಮೇಲೆ ತೆಗೆದಿಡುವ ಅಡುಗೆಗೆ ಹೆದರುವ ಕಾರಣವೇ ಇಲ್ಲ.

ಯುರೋಪಿನಲ್ಲಿ ಪುಡಿಯನ್ನೇ ಹಿಟ್ಟಿಗೆ ಕಲಸುತ್ತಾರೆ. ಅಲ್ಲಿ 2008ರ ಕಾನೂನಿನಲ್ಲಿ ಸಾಮಾನ್ಯ ಬೇಕರಿ ತಿನಿಸಿಗೆ ಕಿಲೋಗೆ 15 ಮಿಲಿಗ್ರಾಂ, ಹಬ್ಬಕ್ಕೆಂದು ಮಾಡುವ ಸಾಂಪ್ರದಾಯಿಕ ತಿನಿಸಿಗೆ 50. ಡೆನ್ಮಾರ್ಕಿನ ಬೇಕರಿಯವರು ದಿನಾ ಮಾರುವ ಚಕ್ಕೆ ಸುರುಳಿ ಬನ್ನು 15ರ ಸಾಲಿಗೆ ಬಿತ್ತು. 2013ರ ಕೊನೆಯಲ್ಲಿ ಅವರು ರೊಚ್ಚಿಗೆದ್ದರು. ಪಕ್ಕದ ಸ್ವೀಡನ್ನಿನಲ್ಲಿ ಅಂಥದ್ದೇ ಬನ್ನು ಹಬ್ಬದ ತಿನಿಸಿನ ಲೆಕ್ಕದಲ್ಲಿ 50ರ ಸಾಲಿನಲ್ಲಿತ್ತು. ಲಿವರ್‌ಗೆ ಹಬ್ಬ ಯಾವುದು, ವಾರದ ದಿನ ಯಾವುದು ಅಂತ ಗೊತ್ತಾಗಲ್ಲ ಅನ್ನಬಹುದು. ಆದರೆ ವರ್ಷಕ್ಕೊಮ್ಮೆ ತಿನ್ನುವುದಕ್ಕೂ ದಿನಾ ತಿನ್ನುವುದಕ್ಕೂ ಬೇರೆ ಮಿತಿ ಇಡುವುದು ತರ್ಕಬದ್ಧವೇ. ಬನ್ನನ್ನು ಯಾವ ಸಾಲಿಗೆ ಸೇರಿಸುವುದು ಅನ್ನೋದರಲ್ಲಿ ಮಾತ್ರ ರಾಜಕೀಯ.

ಚಕ್ಕೆ ರಕ್ತ ತೆಳು ಮಾಡುತ್ತದೆ, ಅದರಲ್ಲಿರುವ ಕೂಮರಿನ್ನೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಅನ್ನೋ ಮಾತೂ ಓಡಾಡುತ್ತಿದೆ. ಇದು ಅರೆಬೆಂದ ಸತ್ಯ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಮುಗ್ಗಲು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ಸೋರಿ ಸಾಯತೊಡಗಿದವು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು, ಹಿಮಗಾಳಿಯಲ್ಲಿ ಕಾರ್ಲ್ ಲಿಂಕ್ ಎಂಬ ವಿಜ್ಞಾನಿಯ ಪ್ರಯೋಗಶಾಲೆಗೆ ಬಂದ. ಲಿಂಕ್ ತಂಡ ಹಲವು ವರ್ಷ ಹೆಣಗಿ ತಪ್ಪಿತಸ್ಥನನ್ನು ಹಿಡಿಯಿತು. ಮೇವಿನ ಕೂಮರಿನ್ನನ್ನು ಬೂಷ್ಟು ಡೈಕೂಮರಾಲ್ ಆಗಿ ಬದಲಿಸಿತ್ತು. ಅದರ ಬೆನ್ನು ಹತ್ತಿ ಹೋಗಿ ಸಿಕ್ಕಿದ್ದೇ ವಾರ್ಫರಿನ್. ಮೊದಲು ಇಲಿ ಪಾಷಾಣ, ಆಮೇಲೆ ಹೃದ್ರೋಗಿಗಳ ಮಾತ್ರೆ. ಬರೀ ಕೂಮರಿನ್ ರಕ್ತವನ್ನು ತೆಳು ಮಾಡುವುದಿಲ್ಲ. ಹೆಸರು ಹತ್ತಿರ ಇದ್ದರೆ ಕೆಲಸವೂ ಹತ್ತಿರ ಅಂತ ಏನಿಲ್ಲ.

ಉಳಿದದ್ದು ಶುಗರ್. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಚಮಚ ಚಕ್ಕೆ ಪುಡಿ, ಮೂರು ತಿಂಗಳಲ್ಲಿ ಮಾತ್ರೆ ಬಿಡಬಹುದು ಅನ್ನೋ ಸಲಹೆ ನಿಮಗೂ ಬಂದಿರುತ್ತದೆ. 2012ರಲ್ಲಿ ಕಾಕ್ರೇನ್ ಸಂಸ್ಥೆ ಇದರ ಮೇಲಿನ 10 ಪ್ರಯೋಗಗಳನ್ನು, ಒಟ್ಟು 577 ಜನರ ಫಲಿತಾಂಶವನ್ನು ಒಟ್ಟಿಗೆ ಇಟ್ಟು ತೂಗಿತು. ಸಕ್ಕರೆ ಕಾಯಿಲೆಗೆ ಚಕ್ಕೆ ಕೆಲಸ ಮಾಡುತ್ತದೆ ಅನ್ನಲು ಸಾಕಷ್ಟು ಆಧಾರ ಸಿಗಲಿಲ್ಲ. ಆ ಪ್ರಯೋಗಗಳಲ್ಲಿ ಬಹುಪಾಲು ಕೊಟ್ಟದ್ದು ಕ್ಯಾಸಿಯಾ, ದಿನಕ್ಕೆ ಸರಾಸರಿ 2 ಗ್ರಾಂ, 4ರಿಂದ 16 ವಾರ. ಸಲಹೆ ಕೊಡುವವರು ವಾರದ ಲೆಕ್ಕ ಹೇಳುವುದಿಲ್ಲ, ವರ್ಷಗಟ್ಟಲೆ ಅನ್ನುತ್ತಾರೆ. ಯಾವ ಚಕ್ಕೆ ಅಂತಲೂ ಹೇಳುವುದಿಲ್ಲ. ಮೊದಲೇ ಫ್ಯಾಟಿ ಲಿವರ್ ಇರುವ, ನಾಲ್ಕಾರು ಮಾತ್ರೆ ನುಂಗುವ ಶುಗರ್ ರೋಗಿಗೆ ಇದನ್ನು ಹೇಳುವುದು ಬೇಜವಾಬ್ದಾರಿ. ಬಿಡಲಾರೆ ಅನ್ನುವವರು ಪುಡಿ ಕೊಳ್ಳಬೇಡಿ. ತೆಳು ಪದರದ ಸಿಲೋನ್ ದಾಲ್ಚಿನ್ನಿ ತುಂಡು ತಂದು ಮನೆಯಲ್ಲೇ ಕುಟ್ಟಿಕೊಳ್ಳಿ, ತಗೊಳ್ಳುತ್ತಿರುವ ವಿಷಯ ಡಾಕ್ಟರಿಗೆ ಹೇಳಿ, ಮಾತ್ರೆ ಮಾತ್ರ ಬಿಡಬೇಡಿ.